ಮಾಜಿ ಸೈನಿಕರ ಗೃಹಸಾಲ: ಆದಾಯ, ಉದ್ಯೋಗದ ದಾಖಲೆ ಜೋಡಿಸುವ ಸಮಗ್ರ ಮಾರ್ಗದರ್ಶಿ

ನಮ್ಮಪ್ಪ 24 ವರ್ಷ ಸೇನೆಯಲ್ಲಿದ್ದು ಹವಾಲ್ದಾರ್ ಆಗಿ ಪೆನ್ಷನ್ ಬಂದವರು. ಊರಲ್ಲಿ ಮನೆ ಕಟ್ಟಬೇಕು ಅಂತ ಒಂದು ಬ್ಯಾಂಕಿಗೆ ಅರ್ಜಿ ಹಾಕಿದರು. ಮೂರು ಸಲ ವಾಪಸ್ ಬಂತು. ಮೊದಲ ಸಲ ಹೆಸರಿನ ಇನಿಷಿಯಲ್ ಹೊಂದಲಿಲ್ಲ. ಎರಡನೇ ಸಲ ಪಿಂಚಣಿಯನ್ನು ಅರ್ಧಕ್ಕೆ ಲೆಕ್ಕ ಹಿಡಿದರು. ಮೂರನೇ ಸಲ, ಆಗ ಮಾಡುತ್ತಿದ್ದ ಸೆಕ್ಯೂರಿಟಿ ಕೆಲಸಕ್ಕೆ ಸರಿಯಾದ ಪೇ ಸ್ಲಿಪ್ ಇರಲಿಲ್ಲ. ಆ ಮೂರನೇ ಸಲ ಅಪ್ಪ ಫೈಲನ್ನು ಟ್ರಂಕಿನೊಳಗೆ ಇಟ್ಟು ಮುಚ್ಚಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುಂದೆ ನಾನೇ ಗೃಹಸಾಲದ ಫೈಲು ನೋಡುವ ಕೆಲಸಕ್ಕೆ ಸೇರಿದೆ. ಮೇಜಿನ ಈ ಕಡೆ ಕೂತ ಮೇಲೆ ಒಂದು ವಿಷಯ ಗೊತ್ತಾಯಿತು. ಅಪ್ಪನ ಆದಾಯಕ್ಕೆ ಏನೂ ಕೊರತೆ ಇರಲಿಲ್ಲ, ಅದನ್ನು ತೋರಿಸುವ ಕಾಗದಗಳು ಒಂದಕ್ಕೊಂದು ಕೂಡಿಬರುತ್ತಿರಲಿಲ್ಲ, ಅಷ್ಟೇ.

ಕೇಂದ್ರ ಸರ್ಕಾರ ತಿಂಗಳು ತಿಂಗಳು ತಪ್ಪದೆ ಕೊಡುವ ಪಿಂಚಣಿಗಿಂತ ಗಟ್ಟಿ ಆದಾಯ ಬ್ಯಾಂಕಿಗೆ ಬೇರೆ ಯಾವುದಿದೆ? ಆದರೂ ಮಾಜಿ ಸೈನಿಕರ ಫೈಲು ಜಾಸ್ತಿ ತಿರುಗುತ್ತದೆ. ಬ್ಯಾಂಕು ಕೇಳುವುದು ಮೂರೇ ಪ್ರಶ್ನೆ: ತಿಂಗಳಿಗೆ ಎಷ್ಟು ಬರುತ್ತದೆ, ಎಲ್ಲಿಂದ ಬರುತ್ತದೆ, ಎಷ್ಟು ವರ್ಷ ಬರುತ್ತದೆ. ಸಂಬಳದವರು ಇದಕ್ಕೆ ಒಂದು ಪೇ ಸ್ಲಿಪ್ಪಿನಲ್ಲಿ ಉತ್ತರ ಕೊಟ್ಟುಬಿಡುತ್ತಾರೆ. ನಿಮ್ಮ ಉತ್ತರ ಪಿಪಿಒ (ಪಿಂಚಣಿ ಮಂಜೂರಾತಿಯ ಆದೇಶ ಪತ್ರ), ಪಾಸ್‌ಬುಕ್ಕು, ಡಿಸ್ಚಾರ್ಜ್ ಬುಕ್ಕು, ಈಗಿನ ಕೆಲಸದ ಕಾಗದ ಅಂತ ನಾಲ್ಕು ಕಡೆ ಚೆದುರಿರುತ್ತದೆ. ಅದನ್ನು ಒಟ್ಟುಮಾಡುವ ಕೆಲಸ ಬ್ಯಾಂಕಿನವರಿಗೆ ಬಿಡಬೇಡಿ. ನೀವೇ ಮಾಡಿಕೊಂಡು ಹೋಗಿ.

ಹೆಜ್ಜೆ 1: ಮೊದಲು ಹೆಸರು, ಹುಟ್ಟಿದ ದಿನ

ಆದಾಯಕ್ಕೂ ಹೆಸರಿಗೂ ಏನು ಸಂಬಂಧ ಅನ್ನಿಸಬಹುದು. ಪಿಪಿಒದಲ್ಲಿರುವವರೂ ಆಧಾರ್‌ನಲ್ಲಿರುವವರೂ ಒಬ್ಬರೇ ಅಂತ ತೋರಿಸದಿದ್ದರೆ ಆ ಪಿಂಚಣಿ ನಿಮ್ಮದೇ ಅಂತ ಬ್ಯಾಂಕು ಒಪ್ಪುವುದಿಲ್ಲ.

ನಮ್ಮ ಕಡೆ ಈ ತೊಂದರೆ ಬಹಳ. ಭರ್ತಿಯ ದಿನ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದಂತೆ 'ಬಸವರಾಜ ಎಸ್.' ಅಂತ ಬರೆದುಕೊಂಡಿರುತ್ತಾರೆ. ಆಧಾರ್ ಮಾಡಿಸುವಾಗ ಅದು 'ಬಸವರಾಜ ಸಿದ್ದಪ್ಪ' ಆಗಿರುತ್ತದೆ. ಪ್ಯಾನ್ ಕಾರ್ಡಿನಲ್ಲಿ ಅಡ್ಡಹೆಸರೂ ಸೇರಿರುತ್ತದೆ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಆಚೀಚೆ ಆಗಿದ್ದರೂ ಕಂಪ್ಯೂಟರಿಗೆ ಅದು ಬೇರೆ ಮನುಷ್ಯ. ಹೆಂಡತಿಯ ಹೆಸರಂತೂ ಡಿಸ್ಚಾರ್ಜ್ ಬುಕ್ಕಿನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಮದುವೆಯಲ್ಲಿ ಹೆಸರು ಬದಲಿಸುವ ಪದ್ಧತಿ ಇರುವ ಮನೆಗಳಲ್ಲಿ ಇದು ಮಾಮೂಲಿ.

ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಎಡಗಡೆ ಪಿಪಿಒ, ಡಿಸ್ಚಾರ್ಜ್ ಬುಕ್ಕು, ಆಧಾರ್, ಪ್ಯಾನ್, ಪಿಂಚಣಿ ಬರುವ ಖಾತೆ ಅಂತ ಒಂದರ ಕೆಳಗೆ ಒಂದು ಬರೆಯಿರಿ. ಬಲಗಡೆ ಪ್ರತಿಯೊಂದರಲ್ಲೂ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಹೇಗಿದೆಯೋ ಹಾಗೇ, ಅಕ್ಷರ ಬಿಡದೆ ಬರೆಯಿರಿ. ನಿಮ್ಮದೂ ಬರೆಯಿರಿ, ಹೆಂಡತಿಯದೂ ಬರೆಯಿರಿ. ಹತ್ತು ನಿಮಿಷದ ಕೆಲಸ. ಎಲ್ಲಿ ತಾಳೆ ಆಗುವುದಿಲ್ಲ ಅಂತ ಬ್ಯಾಂಕಿನವರಿಗಿಂತ ಮೊದಲು ನಿಮಗೇ ಕಾಣುತ್ತದೆ.

ಇನಿಷಿಯಲ್ ಬಿಡಿಸಿ ಬರೆದಿರುವಂಥ ಸಣ್ಣ ವ್ಯತ್ಯಾಸಕ್ಕೆ, 'ಈ ಎರಡೂ ಹೆಸರಿನವರು ಒಬ್ಬರೇ' ಎಂಬ ನೋಟರಿ ಪ್ರಮಾಣಪತ್ರ ಬಹಳಷ್ಟು ಕಡೆ ಸಾಕಾಗುತ್ತದೆ. ಹುಟ್ಟಿದ ದಿನ ತಪ್ಪಿದ್ದರೆ, ಹೆಂಡತಿಯ ಹೆಸರೇ ಬೇರೆ ಇದ್ದರೆ, ಅಥವಾ ಪಿಪಿಒದಲ್ಲಿ ಆಕೆಯ ಹೆಸರೇ ಇಲ್ಲದಿದ್ದರೆ ನಿಮ್ಮ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿನಿಂದಲೇ ಸರಿಪಡಿಸಬೇಕು. ಮದ್ರಾಸ್ ಇಂಜಿನಿಯರ್ ಗ್ರೂಪಿನವರಿಗೆ ಅದು ಬೆಂಗಳೂರಿನಲ್ಲಿದೆ. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ಇಎಂಇಯವರಿಗೆ (ಸೇನೆಯ ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ವಿಭಾಗ) ಸಿಕಂದರಾಬಾದ್, ಸಿಗ್ನಲ್ಸ್‌ನವರಿಗೆ ಜಬಲ್‌ಪುರ, ತೋಪಖಾನೆಯವರಿಗೆ ನಾಸಿಕ್ ರೋಡ್. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯವರು ಅರ್ಜಿ ಬರೆಯುವುದಕ್ಕೆ, ಕಳಿಸುವುದಕ್ಕೆ ನೆರವಾಗುತ್ತಾರೆ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಅದಕ್ಕೇ ಹೇಳುವುದು, ಸೈಟು ನೋಡುವುದಕ್ಕಿಂತ ಮೊದಲೇ ಈ ಹಾಳೆ ಬರೆಯಿರಿ ಅಂತ.

ಹೆಜ್ಜೆ 2: ಪಿಂಚಣಿಯ ಕಾಗದಗಳು

ಇದು ನಿಮ್ಮ ಫೈಲಿನ ಬೆನ್ನೆಲುಬು. ಸ್ವಲ್ಪ ತಾಳ್ಮೆಯಿಂದ ಓದಿ.

ಈಗ ರಕ್ಷಣಾ ಪಿಂಚಣಿ ಬರುವುದು ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ. ಹಿಂದೆ ಲೆಕ್ಕ ಹಾಕಿ ಕೊಡುತ್ತಿದ್ದದ್ದು ನಿಮ್ಮ ಬ್ಯಾಂಕು. ಈಗ ಪ್ರಯಾಗ್‌ರಾಜ್‌ನ ಪಿಂಚಣಿ ಲೆಕ್ಕಪತ್ರ ಕಚೇರಿಯಿಂದ ನೇರವಾಗಿ ಖಾತೆಗೆ ಬೀಳುತ್ತದೆ. ಹಾಗಾಗಿ 'ನಮ್ಮ ಬ್ಯಾಂಕಿನಲ್ಲಿ ಪೆನ್ಷನ್ ಸರ್ಟಿಫಿಕೇಟ್ ಕೊಡಿ' ಅಂತ ಹಳೆಯ ಅಭ್ಯಾಸದಲ್ಲಿ ಅಲೆಯುವುದು ಬೇಡ. ಸ್ಪರ್ಶ್ ಪೋರ್ಟಲ್‌ಗೆ ಲಾಗಿನ್ ಆಗಿ ಇಷ್ಟನ್ನು ಇಳಿಸಿಕೊಳ್ಳಿ:

- ಇ-ಪಿಪಿಒ. ಪರಿಷ್ಕರಣೆ ಆಗಿದ್ದರೆ ತೀರಾ ಇತ್ತೀಚಿನದು
- ಕಳೆದ ಆರು ತಿಂಗಳ ಪಿಂಚಣಿ ಸ್ಲಿಪ್
- ಕಳೆದ ಎರಡು ವರ್ಷದ ಫಾರ್ಮ್ 16 (ವರ್ಷದ ಆದಾಯ, ಕಡಿತವಾದ ತೆರಿಗೆ ತೋರಿಸುವ ಪತ್ರ)

ಪಾಸ್‌ವರ್ಡ್ ಮರೆತಿದ್ದರೆ, ಲಾಗಿನ್ ಮಾಡಿಯೇ ಇಲ್ಲದಿದ್ದರೆ ಸ್ಪರ್ಶ್ ಸೇವಾ ಕೇಂದ್ರಕ್ಕೋ ಸಾಮಾನ್ಯ ಸೇವಾ ಕೇಂದ್ರಕ್ಕೋ ಹೋಗಿ. ಒಟಿಪಿ ಬರುವ ಮೊಬೈಲ್ ಕೈಯಲ್ಲಿರಲಿ. ಆದರೆ ಒಟಿಪಿಯನ್ನು ಫೋನಿನಲ್ಲಿ ಕೇಳಿದವರಿಗೆ ಯಾವ ಕಾರಣಕ್ಕೂ ಹೇಳಬೇಡಿ. ಪಿಂಚಣಿದಾರರನ್ನೇ ಗುರಿ ಮಾಡಿಕೊಂಡ ಮೋಸ ಜಾಸ್ತಿಯಾಗಿದೆ.

ಹಳೆಯ ಪಿಪಿಒ ಯಾಕೆ ಸಾಲದು ಅಂದರೆ, ಒಂದು ಶ್ರೇಣಿ ಒಂದು ಪಿಂಚಣಿ (ಒಂದೇ ಶ್ರೇಣಿ, ಒಂದೇ ಸೇವಾವಧಿಯವರಿಗೆ ಒಂದೇ ಪಿಂಚಣಿ) 2014ರ ಜುಲೈ 1ರಿಂದ ಲೆಕ್ಕಕ್ಕೆ ಬಂತು. ಆಮೇಲೆ 2019ರಲ್ಲಿ, 2024ರಲ್ಲಿ ಪಿಂಚಣಿ ಮತ್ತೆ ನಿಗದಿಯಾಯಿತು. ನೀವು 2010ರ ಪಿಪಿಒ ಕೊಟ್ಟರೆ ಅದರಲ್ಲಿರುವ ಮೊತ್ತಕ್ಕೂ ಖಾತೆಗೆ ಬರುವ ಮೊತ್ತಕ್ಕೂ ಅಜಗಜಾಂತರ. ನೋಡುವವರಿಗೆ ಅನುಮಾನ ಬರುವುದು ಸಹಜ ಅಲ್ವಾ?

ಈಗ ನಮ್ಮಪ್ಪನ ಅರ್ಜಿ ಎರಡನೇ ಸಲ ಬಿದ್ದ ಜಾಗಕ್ಕೆ ಬರೋಣ. ಕಮ್ಯುಟೇಶನ್. ನಿವೃತ್ತಿಯ ಹೊತ್ತಿಗೆ ಪಿಂಚಣಿಯ ಒಂದು ಭಾಗವನ್ನು, ಸೇನೆಯವರಾದರೆ ಶೇಕಡ 50ರವರೆಗೆ, ಮುಂಗಡವಾಗಿ ಇಡಿಗಂಟಾಗಿ ತೆಗೆದುಕೊಂಡಿರುತ್ತೀರಿ. ಆ ಭಾಗ 15 ವರ್ಷ ಕಡಿತವಾಗಿ ಆಮೇಲೆ ಮರಳಿ ಸೇರುತ್ತದೆ. ಪಿಪಿಒದಲ್ಲಿ ಪೂರ್ತಿ ಪಿಂಚಣಿ, ಕಮ್ಯೂಟ್ ಆದ ಭಾಗ, ಉಳಿದ ಪಿಂಚಣಿ ಅಂತ ಮೂರು ಅಂಕಿ ಇರುತ್ತವೆ. ತಪ್ಪು ಆಗುವುದು ಇಲ್ಲೇ.

ಲೆಕ್ಕ ಸುಲಭವಾಗಲಿ ಅಂತ ಮೂಲ ಪಿಂಚಣಿ 26,000 ರೂಪಾಯಿ ಅಂದುಕೊಳ್ಳಿ. ಅರ್ಧ ಕಮ್ಯೂಟ್ ಆಗಿದೆ, ಉಳಿದದ್ದು 13,000. ಆದರೆ ತುಟ್ಟಿ ಪರಿಹಾರ (ಬೆಲೆ ಏರಿಕೆಗೆ ಅಂತ ಪಿಂಚಣಿ ಜೊತೆ ಕೊಡುವ ಹಣ) ಲೆಕ್ಕ ಹಾಕುವುದು ಉಳಿದ 13,000ದ ಮೇಲೆ ಅಲ್ಲ, ಪೂರ್ತಿ 26,000ದ ಮೇಲೆ. ಪರಿಹಾರ ಶೇಕಡ 50 ಅಂತ ಇಟ್ಟುಕೊಂಡರೆ ಅದೇ 13,000 ಆಯಿತು. ಕೈಗೆ ಬರುವುದು 26,000. ಪಿಪಿಒ ಮಾತ್ರ ನೋಡಿದ ಅಧಿಕಾರಿ 'ಉಳಿದ ಪಿಂಚಣಿ 13,000' ಅಂತ ಹಿಡಿದರೆ ನಿಮ್ಮ ಅರ್ಹತೆ ಅರ್ಧಕ್ಕೆ ಇಳಿಯಿತು. ಆದಾಯದ ಅರ್ಧದಷ್ಟು ಕಂತು ಕಟ್ಟಬಹುದು ಅಂತ ಬ್ಯಾಂಕು ಒಪ್ಪುತ್ತದೆ ಅನ್ನಿ. ಬಡ್ಡಿ ಶೇಕಡ 8.5, ಅವಧಿ 20 ವರ್ಷ ಆದರೆ ಲಕ್ಷಕ್ಕೆ ಕಂತು ಸುಮಾರು 868 ರೂಪಾಯಿ. 26,000 ಆದಾಯಕ್ಕೆ ಸುಮಾರು 15 ಲಕ್ಷ ಸಾಲ ಸಿಗುವ ಕಡೆ, 13,000 ಹಿಡಿದರೆ ಏಳೂವರೆ ಲಕ್ಷಕ್ಕೆ ನಿಲ್ಲುತ್ತದೆ. ಮನೆ ತಾರಸಿ ಮಟ್ಟಕ್ಕೆ ಬರುವುದಕ್ಕೂ ಅಡಿಪಾಯದಲ್ಲೇ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಇದು.

ಆದ್ದರಿಂದ ಪಿಪಿಒ ಜೊತೆ ಪಿಂಚಣಿ ಸ್ಲಿಪ್ ಕೊಡಲೇಬೇಕು. ಸ್ಲಿಪ್ಪಿನಲ್ಲಿ ಮೂಲ ಪಿಂಚಣಿ, ಕಡಿತ, ತುಟ್ಟಿ ಪರಿಹಾರ ಬೇರೆ ಬೇರೆ ಸಾಲಿನಲ್ಲಿ ಕಾಣುತ್ತವೆ. ಕಮ್ಯುಟೇಶನ್ ಮರಳಿ ಸೇರುವ ತಿಂಗಳು ಯಾವುದು ಅಂತಲೂ ಬರೆದು ಕೊಡಿ. ಮುಂದೆ ಹೆಚ್ಚಾಗುವ ಮೊತ್ತವನ್ನು ಬ್ಯಾಂಕು ಇವತ್ತಿನ ಆದಾಯಕ್ಕೆ ಸೇರಿಸುವುದು ಅಪರೂಪ. ಆದರೆ ಆ ದಿನ ಇನ್ನೊಂದೆರಡು ವರ್ಷದಲ್ಲೇ ಇದ್ದರೆ ಮ್ಯಾನೇಜರ್ ಗಮನಕ್ಕೆ ತರುವುದು ಒಳ್ಳೆಯದು.

ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡುವ ಮೊದಲು ಪೆನ್ಸಿಲ್ ಹಿಡಿದು ಒಂದು ಸಲ ನೋಡಿ. ಬಾಕಿ ಹಣ ಒಟ್ಟಿಗೆ ಬಂದ ತಿಂಗಳು ಇದ್ದರೆ ಪಕ್ಕದಲ್ಲಿ 'ಬಾಕಿ, ಒಂದೇ ಸಲ' ಅಂತ ಬರೆಯಿರಿ. ಅದನ್ನು ತಿಂಗಳ ಆದಾಯ ಅಂತ ತೋರಿಸಲು ಹೋಗಬೇಡಿ, ಹೇಗಿದ್ದರೂ ಕಳೆಯುತ್ತಾರೆ. ಜೀವನ ಪ್ರಮಾಣಪತ್ರ ಕೊಡುವುದು ಮರೆತು ಎರಡು ತಿಂಗಳು ಪಿಂಚಣಿ ನಿಂತಿದ್ದರೆ, ಆಮೇಲೆ ಸೇರಿ ಬಂದ ಮೊತ್ತವನ್ನೂ ಗುರುತು ಮಾಡಿ, ಕಾರಣಕ್ಕೆ ಎರಡು ಸಾಲಿನ ಪತ್ರ ಬರೆಯಿರಿ. ವಿವರಣೆ ಇಲ್ಲದ ಖಾಲಿ ತಿಂಗಳು ಸಾಲದ ಫೈಲಿಗೆ ಒಳ್ಳೆಯದಲ್ಲ.

ಹೆಜ್ಜೆ 3: ಸೇವೆಯ ದಾಖಲೆ

ಡಿಸ್ಚಾರ್ಜ್ ಬುಕ್ಕಿನಲ್ಲಿ ಸೇರಿದ ದಿನ, ಬಿಟ್ಟ ದಿನ, ಶ್ರೇಣಿ, ಟ್ರೇಡ್, ನಡತೆ, ಕುಟುಂಬದ ವಿವರ ಎಲ್ಲಾ ಇರುತ್ತದೆ. ಅಧಿಕಾರಿಗಳಾದರೆ ನಿವೃತ್ತಿ ಅಥವಾ ಬಿಡುಗಡೆಯ ಆದೇಶ. ಇದರ ಜೊತೆ ಸೈನಿಕ ಕಲ್ಯಾಣ ಕಚೇರಿ ಕೊಟ್ಟ ಮಾಜಿ ಸೈನಿಕರ ಗುರುತಿನ ಚೀಟಿ ಇಡಿ. ಕ್ಯಾಂಟೀನ್ ಕಾರ್ಡು, ಇಸಿಎಚ್‌ಎಸ್ (ಮಾಜಿ ಸೈನಿಕರ ಚಿಕಿತ್ಸಾ ಯೋಜನೆ) ಕಾರ್ಡು ಎಷ್ಟೋ ಜನ ತರುತ್ತಾರೆ. ಅವು ಆದಾಯಕ್ಕೂ ಉದ್ಯೋಗಕ್ಕೂ ಪುರಾವೆ ಅಲ್ಲ, ಮನೆಯಲ್ಲೇ ಇರಲಿ.

ಡಿಸ್ಚಾರ್ಜ್ ಬುಕ್ಕಿನ ಮೂಲ ಪ್ರತಿ ಯಾರ ಕೈಗೂ ಬಿಟ್ಟು ಬರಬೇಡಿ. ತೋರಿಸಿ, ಜೆರಾಕ್ಸ್ ಮೇಲೆ 'ಮೂಲ ನೋಡಲಾಗಿದೆ' ಅಂತ ಬರೆಸಿ, ವಾಪಸ್ ತನ್ನಿ. ಅದು ಕಳೆದರೆ ಇನ್ನೊಂದು ಮಾಡಿಸುವ ಹೊತ್ತಿಗೆ ಸಾಕೋ ಸಾಕು ಅನ್ನಿಸುತ್ತದೆ.

ಹೆಜ್ಜೆ 4: ಎರಡನೇ ಕೆಲಸ

ಸಿಪಾಯಿಗಳಲ್ಲಿ ತುಂಬಾ ಜನ ನಲವತ್ತರ ಆಸುಪಾಸಿನಲ್ಲೇ ಪೆನ್ಷನ್ ಬರುತ್ತಾರೆ. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ, ಮನೆ ಕಟ್ಟುವ ವಯಸ್ಸೂ ಅದೇ. ಹಾಗಾಗಿ ಎರಡನೇ ಕೆಲಸದ ಸಂಬಳವೂ ಲೆಕ್ಕಕ್ಕೆ ಬರಬೇಕು.

ಡಿಎಸ್‌ಸಿಗೆ (ರಕ್ಷಣಾ ನೆಲೆಗಳನ್ನು ಕಾಯುವ ಡಿಫೆನ್ಸ್ ಸೆಕ್ಯೂರಿಟಿ ಕೋರ್) ಸೇರಿದವರು, ಬ್ಯಾಂಕಿನಲ್ಲಿ, ಸರ್ಕಾರಿ ಇಲಾಖೆಯಲ್ಲಿ ಕೆಲಸ ಸಿಕ್ಕವರಿಗೆ ಇದು ಸುಲಭ. ನೇಮಕಾತಿ ಆದೇಶ, ಮೂರರಿಂದ ಆರು ತಿಂಗಳ ಪೇ ಸ್ಲಿಪ್, ಎರಡು ವರ್ಷದ ಫಾರ್ಮ್ 16, ಸಂಬಳ ಬರುವ ಖಾತೆಯ ಸ್ಟೇಟ್‌ಮೆಂಟ್. ಮುಗಿಯಿತು.

ಕಷ್ಟ ಇರುವುದು ಖಾಸಗಿ ಸೆಕ್ಯೂರಿಟಿ ಕೆಲಸದವರಿಗೆ. ಒಬ್ಬರು ಬಂದಿದ್ದರು. ಬೆಂಗಳೂರಿನ ಒಂದೇ ಅಪಾರ್ಟ್‌ಮೆಂಟಿನ ಒಂದೇ ಗೇಟಿನಲ್ಲಿ ನಾಲ್ಕು ವರ್ಷದಿಂದ ಸೂಪರ್‌ವೈಸರ್. ಆದರೆ ಅಸೋಸಿಯೇಷನ್‌ನವರು ಏಜೆನ್ಸಿ ಬದಲಾಯಿಸುತ್ತಾ ಹೋಗಿದ್ದರಿಂದ ಅವರ ಕೈಯಲ್ಲಿ ಮೂರು ಕಂಪನಿಗಳ ಪೇ ಸ್ಲಿಪ್ ಇತ್ತು. ಈಗಿನ ಏಜೆನ್ಸಿಗೆ ಬಂದು ಬರೀ ಐದು ತಿಂಗಳು. ಕಾಗದದ ಮೇಲೆ ನೋಡಿದರೆ ಪದೇ ಪದೇ ಕೆಲಸ ಬಿಡುವ ಮನುಷ್ಯ ಅನ್ನಿಸುತ್ತಿತ್ತು. ಅವರು ಎದುರಿಗೆ ನೆಟ್ಟಗೆ ಕೂತು, 'ಮೇಡಂ, ನಾನು ಒಂದಿನ ಕೂಡ ಡ್ಯೂಟಿ ತಪ್ಪಿಸಿಲ್ಲ' ಅಂದರು. ಅವರಿಗೆ ದಾರಿ ತೋರಿಸಿದ್ದು ಭವಿಷ್ಯ ನಿಧಿ. ಯುಎಎನ್ (ಭವಿಷ್ಯ ನಿಧಿಯ ಸದಸ್ಯ ಸಂಖ್ಯೆ) ಒಂದೇ ಇದ್ದುದರಿಂದ ಸೇವಾ ವಿವರದಲ್ಲಿ ಮೂರೂ ಏಜೆನ್ಸಿಗಳು ಒಂದರ ಹಿಂದೆ ಒಂದು, ನಡುವೆ ಒಂದು ತಿಂಗಳೂ ಬಿಡುವಿಲ್ಲದೆ ಕಾಣಿಸಿದವು. ಅದರ ಜೊತೆಗೆ 'ಇವರು ಇಂಥ ದಿನದಿಂದ ಇಲ್ಲೇ ಕೆಲಸದಲ್ಲಿದ್ದಾರೆ' ಅಂತ ಅಸೋಸಿಯೇಷನ್‌ನ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ತಂದರು. ಸಂಬಳ ಪೂರ್ತಿ ಲೆಕ್ಕಕ್ಕೆ ಬಂತು.

ನೀವೂ ಹೀಗೇ ಮಾಡಿ. ಹೊಸ ಏಜೆನ್ಸಿ ಬಂದಾಗ ಹೊಸ ಯುಎಎನ್ ಮಾಡಿಸಿಕೊಳ್ಳಬೇಡಿ, ಹಳೆಯದನ್ನೇ ಕೊಡಿ. ಸಂಬಳ ಕೈಗೆ ನಗದಾಗಿ ಕೊಡುತ್ತಿದ್ದರೆ ಇವತ್ತೇ ಖಾತೆಗೆ ಹಾಕಲು ಕೇಳಿ. ಆರು ತಿಂಗಳು ಖಾತೆಗೆ ಬಿದ್ದರೆ ಅದು ಆದಾಯ. ನಗದಾಗಿ ಆರು ವರ್ಷ ಪಡೆದರೂ ತೋರಿಸಲು ಏನೂ ಇರುವುದಿಲ್ಲ.

ಹೆಜ್ಜೆ 5: ಐಟಿಆರ್ (ಆದಾಯ ತೆರಿಗೆ ರಿಟರ್ನ್) ಸರಿಮಾಡಿ

'ನನಗೆ ತೆರಿಗೆ ಬರುವುದಿಲ್ಲ, ಯಾಕೆ ಐಟಿಆರ್?' ಅಂತ ಕೇಳುತ್ತಾರೆ. ತೆರಿಗೆ ಬಾರದಿದ್ದರೂ ಎರಡು ವರ್ಷದ ಐಟಿಆರ್ ಇದ್ದರೆ ಸಾಲದ ದಾರಿ ಅರ್ಧ ಸಲೀಸು.

ಎರಡು ತಪ್ಪು ಪದೇ ಪದೇ ನೋಡುತ್ತೇನೆ. ಒಂದು, ಕಂಪನಿಯ ಫಾರ್ಮ್ 16 ಮಾತ್ರ ಹಾಕಿ ಪಿಂಚಣಿ ಬಿಟ್ಟುಬಿಡುವುದು. ಪಿಂಚಣಿಯೂ ತೆರಿಗೆಯ ಲೆಕ್ಕದಲ್ಲಿ ಸಂಬಳವೇ. ಆದಾಯ ತೆರಿಗೆ ಪೋರ್ಟಲ್‌ನ ವಾರ್ಷಿಕ ಮಾಹಿತಿ ವರದಿಯಲ್ಲಿ ಎರಡೂ ಕಾಣುತ್ತವೆ, ಬ್ಯಾಂಕು ಅದನ್ನೂ ಕೇಳಬಹುದು. ಇನ್ನೊಂದು, ಎರಡು ಫಾರ್ಮ್ 16 ಇವೆ ಅಂತ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಲೆಕ್ಕಕ್ಕೆ ಆದಾಯದಿಂದ ಬಿಡುವ ನಿಗದಿತ ಮೊತ್ತ) ಎರಡು ಸಲ ಕಳೆಯುವುದು. ಅದು ಒಬ್ಬರಿಗೆ ವರ್ಷಕ್ಕೆ ಒಂದೇ ಸಲ. ಹೊಸ ತೆರಿಗೆ ಪದ್ಧತಿಯಲ್ಲಿ 75,000, ಹಳೆಯದರಲ್ಲಿ 50,000. ಕೆಲಸ ಕೊಟ್ಟವರಿಗೆ ಪಿಂಚಣಿಯ ವಿಷಯ ಮೊದಲೇ ಹೇಳಿದರೆ ವರ್ಷದ ಕೊನೆಗೆ ಒಮ್ಮೆಲೇ ತೆರಿಗೆ ಬೀಳುವುದು ತಪ್ಪುತ್ತದೆ. ಪಿಂಚಣಿ ಮಾತ್ರ ಇರುವವರು ಫಾರ್ಮಿನಲ್ಲಿ ಉದ್ಯೋಗದ ಬಗೆಯನ್ನು ಕೇಂದ್ರ ಸರ್ಕಾರದ ಪಿಂಚಣಿದಾರ ಅಂತ ಆರಿಸಿ, ಸುಮ್ನೆ 'ಇತರೆ' ಅಂತ ಬಿಡಬೇಡಿ.

ಅಂಗವೈಕಲ್ಯ ಪಿಂಚಣಿಗೆ ಅಥವಾ ವೀರಚಕ್ರದಂಥ ಶೌರ್ಯ ಪ್ರಶಸ್ತಿ ಪಡೆದವರ ಪಿಂಚಣಿಗೆ ತೆರಿಗೆ ವಿನಾಯಿತಿ ಸಿಕ್ಕಿದ್ದರೆ ಐಟಿಆರ್‌ನ ತೆರಿಗೆಯ ಆದಾಯ ಕಡಿಮೆ ಕಾಣುತ್ತದೆ, ಖಾತೆಗೆ ಬರುವುದು ಜಾಸ್ತಿ ಇರುತ್ತದೆ. ಇದು ತಪ್ಪಲ್ಲ. ಪಿಪಿಒದಲ್ಲಿ ಸೇವಾ ಅಂಶ, ಅಂಗವೈಕಲ್ಯ ಅಂಶ ಬೇರೆ ಬೇರೆ ಬರೆದಿರುವ ಪುಟವನ್ನು ಐಟಿಆರ್ ಜೊತೆಗೇ ಪಿನ್ ಮಾಡಿ ಕೊಡಿ.

ತೋಟ, ಹೊಲ, ಹಾಲು

ಕೊಡಗಿನ ಕಾಫಿ ತೋಟ ಇರಲಿ, ಬೆಳಗಾವಿಯ ಕಬ್ಬಿನ ಹೊಲ ಇರಲಿ, ಕೃಷಿ ಆದಾಯವನ್ನೂ ಸೇರಿಸಬಹುದು. ಪಹಣಿ ನಿಮ್ಮ ಹೆಸರಿನಲ್ಲಿರಬೇಕು. ತಂದೆಯ ಹೆಸರಿನಲ್ಲೇ ಉಳಿದಿದ್ದರೆ ಪೌತಿ ಖಾತೆ ಮಾಡಿಸಿ. ಮಾರಿದ ರಸೀದಿ, ಸಕ್ಕರೆ ಕಾರ್ಖಾನೆಯ ಬಿಲ್ಲು, ಹಾಲಿನ ಡೇರಿಯಿಂದ ಖಾತೆಗೆ ಬಿದ್ದ ಹಣ, ಇವು ಬಾಯಿಮಾತಿಗಿಂತ ಗಟ್ಟಿ. ಐಟಿಆರ್‌ನಲ್ಲಿ ಕೃಷಿ ಆದಾಯ ಅಂತ ತೋರಿಸಿರಬೇಕು. ಆದರೂ ಬ್ಯಾಂಕುಗಳು ಇದನ್ನು ಪೂರ್ತಿ ಹಿಡಿಯುವುದು ಕಡಿಮೆ, ಇದರ ಮೇಲೇ ನಂಬಿಕೆ ಇಟ್ಟು ಮನೆಯ ಪ್ಲಾನ್ ದೊಡ್ಡದು ಮಾಡಬೇಡಿ.

ಬೇರೆ ಪರಿಸ್ಥಿತಿಯವರು

*ಇನ್ನೂ ಸೇವೆಯಲ್ಲಿದ್ದು ನಿವೃತ್ತಿ ಹತ್ತಿರ ಇರುವವರು:* ಜವಾನರಿಗೆ ತಿಂಗಳ ಪೇ ಸ್ಲಿಪ್ ಹಮ್‌ರಾಜ್ ಆ್ಯಪ್‌ನಲ್ಲಿ ಸಿಗುತ್ತದೆ. ಆದರೆ ಒಂದು ವರ್ಷದೊಳಗೆ ಪೆನ್ಷನ್ ಬರುವುದಿದ್ದರೆ ಇವತ್ತಿನ ಸಂಬಳದ ಮೇಲೆ ದೊಡ್ಡ ಕಂತು ಒಪ್ಪಿಕೊಳ್ಳಬೇಡಿ. ಪಿಂಚಣಿ ಎಷ್ಟು ಬರಬಹುದು ಅಂತ ನೋಡಿ, ಅದರಿಂದ ಕಟ್ಟಲು ಆಗುವಷ್ಟೇ ಕೇಳಿ.

*ಶಾರ್ಟ್ ಸರ್ವೀಸ್ ಅಧಿಕಾರಿಗಳು, ಅಗ್ನಿವೀರರು:* ಪಿಂಚಣಿ ಇಲ್ಲ. ಜವಾನರಿಗೆ ಪಿಂಚಣಿ ಸಿಗಲು 15 ವರ್ಷ, ಅಧಿಕಾರಿಗಳಿಗೆ 20 ವರ್ಷ ಸೇವೆ ಬೇಕು. ಅಗ್ನಿವೀರರಿಗೆ ನಾಲ್ಕು ವರ್ಷದ ಕೊನೆಗೆ ಬರುವ ಸುಮಾರು 11.71 ಲಕ್ಷದ ಸೇವಾ ನಿಧಿ ಆದಾಯ ಅಲ್ಲ. ಅದು ಕೈಯಿಂದ ಹಾಕುವ ಪಾಲಿಗೆ ಆಗುತ್ತದೆ. ಕಂತಿಗೆ ಹೊಸ ಕೆಲಸದ ಸಂಬಳವೇ ಆಧಾರ.

*ಕುಟುಂಬ ಪಿಂಚಣಿ ಪಡೆಯುವ ತಾಯಂದಿರು:* ನಿಮ್ಮ ಪಿಪಿಒದಲ್ಲಿ ಒಂದು ದಿನಾಂಕವನ್ನು ತಪ್ಪದೆ ನೋಡಿ. ನಿವೃತ್ತಿಯಾದ ಮೇಲೆ ಯಜಮಾನರು ತೀರಿಕೊಂಡಿದ್ದರೆ ಹೆಚ್ಚಿನ ದರದ ಪಿಂಚಣಿ 7 ವರ್ಷ, ಅಥವಾ ಅವರಿಗೆ 67 ತುಂಬುತ್ತಿದ್ದ ದಿನ, ಯಾವುದು ಮೊದಲೋ ಅಲ್ಲಿಯವರೆಗೆ. ಸೇವೆಯಲ್ಲಿದ್ದಾಗ ತೀರಿಕೊಂಡಿದ್ದರೆ 10 ವರ್ಷ. ಆಮೇಲೆ ಸಾಮಾನ್ಯ ದರಕ್ಕೆ ಇಳಿಯುತ್ತದೆ. ಇಳಿದ ಮೇಲಿನ ಮೊತ್ತದಿಂದ ಕಂತು ಕಟ್ಟಲು ಆಗುತ್ತದೆಯೇ ಅಂತ ಲೆಕ್ಕ ಹಾಕಿಯೇ ಸಹಿ ಮಾಡಿ. ಬ್ಯಾಂಕಿನವರು ಕೇಳದಿದ್ದರೂ ನೀವು ಕೇಳಿ. ದಂಪತಿ ಸೇರಿ ಸಾಲ ಮಾಡುವಾಗಲೂ ಇದೇ ಲೆಕ್ಕ ಮುಖ್ಯ. ನಾಳೆ ಒಬ್ಬರೇ ಉಳಿದರೆ ಮನೆ ಉಳಿಯಬೇಕು.

ಹೆಜ್ಜೆ 6: ಕೈಯಿಂದ ಹಾಕುವ ಹಣದ ಮೂಲ

ಸಾಲ 30 ಲಕ್ಷದವರೆಗೆ ಇದ್ದರೆ ಆಸ್ತಿ ಬೆಲೆಯ ಶೇಕಡ 90ರವರೆಗೆ ಮಾತ್ರ ಕೊಡಬಹುದು ಅಂತ ರಿಸರ್ವ್ ಬ್ಯಾಂಕಿನ ನಿಯಮ. 30ರಿಂದ 75 ಲಕ್ಷಕ್ಕೆ ಶೇಕಡ 80. ಉಳಿದದ್ದು ನಿಮ್ಮದು. ಗ್ರಾಚ್ಯುಟಿ, ಕಮ್ಯುಟೇಶನ್, ಭವಿಷ್ಯ ನಿಧಿ, ಗುಂಪು ವಿಮೆಯ ಹಣ ಖಾತೆಗೆ ಬಂದ ದಿನದ ಸ್ಟೇಟ್‌ಮೆಂಟ್ ಪುಟ ಮತ್ತು ಅದು ಈಗ ಇರುವ ಎಫ್‌ಡಿ ರಸೀದಿ ಎರಡನ್ನೂ ಜೋಡಿಸಿ.

ಹೆಜ್ಜೆ 7: ಎಲ್ಲದರ ಮೇಲೆ ಒಂದು ಪುಟ

ಇದನ್ನು ಯಾರೂ ಕೇಳುವುದಿಲ್ಲ, ಆದರೂ ಮಾಡಿ. ದಿನಕ್ಕೆ ಹತ್ತಾರು ಫೈಲು ನೋಡುವ ಅಧಿಕಾರಿಗೆ ನಿಮ್ಮ ಕಥೆ ಒಂದೇ ನೋಟಕ್ಕೆ ಅರ್ಥವಾಗಬೇಕು. ಹೀಗೆ ಬರೆಯಿರಿ:

ಸೇನಾ ಸೇವೆ: ಇಂಥ ದಿನದಿಂದ ಇಂಥ ದಿನದವರೆಗೆ, ಶ್ರೇಣಿ (ಡಿಸ್ಚಾರ್ಜ್ ಬುಕ್ಕು, ಪುಟ 4)
ಈಗಿನ ಕೆಲಸ: ಇಂಥ ದಿನದಿಂದ (ನೇಮಕಾತಿ ಪತ್ರ, ಪುಟ 9, ಯುಎಎನ್ ಸೇವಾ ವಿವರ, ಪುಟ 10)
ಮೂಲ ಪಿಂಚಣಿ, ಕಮ್ಯುಟೇಶನ್ ಕಡಿತ, ತುಟ್ಟಿ ಪರಿಹಾರ, ಕೈಗೆ ಬರುವುದು (ಸ್ಲಿಪ್, ಪುಟ 15)
ಕಮ್ಯುಟೇಶನ್ ಮರಳಿ ಸೇರುವ ತಿಂಗಳು
ಸಂಬಳ, ಕಡಿತ ಕಳೆದು (ಪುಟ 21)
ಈಗಿರುವ ಸಾಲದ ಕಂತು (ಇಲ್ಲದಿದ್ದರೆ 'ಇಲ್ಲ' ಅಂತಲೇ ಬರೆಯಿರಿ)
ನನ್ನ ನಂತರದ ಕುಟುಂಬ ಪಿಂಚಣಿ (ಪಿಪಿಒ, ಪುಟ 2)

ಪ್ರತಿ ಹಾಳೆಯ ಮೂಲೆಯಲ್ಲಿ ಪೆನ್ನಿನಿಂದ ಪುಟ ಸಂಖ್ಯೆ ಹಾಕಿ. ಪ್ರತಿ ಜೆರಾಕ್ಸ್ ಮೇಲೂ ನಿಮ್ಮ ಸಹಿ, ದಿನಾಂಕ, 'ಗೃಹಸಾಲದ ಅರ್ಜಿಗೆ ಮಾತ್ರ' ಎಂಬ ಸಾಲು ಇರಲಿ. ಇಡೀ ಫೈಲನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಸಾಲ ಎಷ್ಟು ವಯಸ್ಸಿನೊಳಗೆ ತೀರಬೇಕು ಅಂತ ಅದೇ ದಿನ ಕೇಳಿ. ಬ್ಯಾಂಕಿನಿಂದ ಬ್ಯಾಂಕಿಗೆ ಇದು ಬದಲಾಗುತ್ತದೆ, ಅವಧಿ ಕಡಿಮೆಯಾದರೆ ಕಂತು ಏರುತ್ತದೆ.

ಕೊಟ್ಟು ಬರುವಾಗ ಸೀಲು, ಸಹಿ ಇರುವ ಸ್ವೀಕೃತಿ ತೆಗೆದುಕೊಳ್ಳಿ. ವಾಪಸ್ ಕಳಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ನಮ್ಮಪ್ಪ ಕೇಳಿರಲಿಲ್ಲ. 'ಆಗಲ್ಲ ಅಂದ್ರು' ಅಂತ ಮನೆಗೆ ಬಂದುಬಿಟ್ಟಿದ್ದರು. ಕೊನೆಗೆ ಟ್ರಂಕಿನಿಂದ ಆ ಫೈಲು ತೆಗೆಸಿ, ಹೆಸರು ಸರಿಮಾಡಿಸಿ, ಮೇಲೆ ಈ ಒಂದು ಪುಟ ಬರೆದು ಬೇರೆ ಬ್ಯಾಂಕಿಗೆ ಕೊಟ್ಟಾಗ ಹತ್ತೊಂಬತ್ತು ದಿನದಲ್ಲಿ ಸಾಲ ಮಂಜೂರಾಯಿತು. ಅಪ್ಪನ ಸ್ವಂತ ಅಕ್ಷರದಲ್ಲಿ ಪುಟ ಸಂಖ್ಯೆ ಹಾಕಿದ ಆ ಫೈಲಿನ ಜೆರಾಕ್ಸನ್ನು ಈಗಲೂ ನನ್ನ ಮೇಜಿನ ಡ್ರಾಯರ್‌ನಲ್ಲಿ ಇಟ್ಟುಕೊಂಡಿದ್ದೇನೆ. ಯಾರಾದರೂ ಹೇಗೆ ಜೋಡಿಸಬೇಕು ಅಂತ ಕೇಳಿದರೆ ಅದನ್ನೇ ತೆಗೆದು ತೋರಿಸುತ್ತೇನೆ.